ಎಷ್ಟು ಸಲ ಕೂಗಿತು?

ನಮ್ಮ ಮನೆಯ ಮೊದಲ ಕಂಪ್ಯೂಟರಿನಲ್ಲಿ ಮೌಸ್ ಮುಟ್ಟಿದರೆ ಇಂಟರ್ನೆಟ್ ಸಾಯುತ್ತಿತ್ತು. ತೊಂಬತ್ತರ ದಶಕದ ಕೊನೆ. ಫೋನ್ ಲೈನಿಗೆ ಕಂಪ್ಯೂಟರ್ ಜೋಡಿಸುವ ಮೋಡೆಮ್ ಕೀಚಲು ದನಿಯಲ್ಲಿ ಅರಚಿ ಅರಚಿ ಲೈನ್ ಸಿಕ್ಕಿತು ಅನ್ನುವಷ್ಟರಲ್ಲಿ ಯಾರಾದರೂ ಮೌಸ್ ಅಲ್ಲಾಡಿಸಿದರೆ ಮುಗೀತು. ಅಪ್ಪ ಟೆಲಿಫೋನ್ ಬಿಲ್ಲಿಗೆ ಬೈದರು, ನಾನು ಮೌಸಿಗೆ ಬೈದೆ. ಕೊನೆಗೆ ಅಂಗಡಿಯ ಹುಡುಗ ಬಂದು ಡಬ್ಬ ಬಿಚ್ಚಿ, "ಎರಡಕ್ಕೂ ಒಂದೇ ಐಆರ್‌ಕ್ಯೂ ಕೊಟ್ಬಿಟ್ಟಿದಾರೆ ಸರ್, ನಾಲ್ಕು" ಅಂದ. ಅಕ್ಕನ ಹುಬ್ಬು ಕೀಳುವ ಚಿಮುಟ ಇಸಕೊಂಡು, ಮೋಡೆಮ್ ಕಾರ್ಡಿನ ಮೇಲೆ ತೊಗರಿಕಾಳಿನಷ್ಟಿದ್ದ ಕರಿ ಪ್ಲಾಸ್ಟಿಕ್ ಟೋಪಿಯೊಂದನ್ನು ಒಂದು ಜೋಡಿ ಪಿನ್ನಿನಿಂದ ಕಿತ್ತ. ಅದು ಜಾರಿ ಡಬ್ಬದೊಳಗೆ ಬಿತ್ತು. ಎಲ್ಲರೂ ಟಾರ್ಚ್ ಹಿಡಿದು ಹುಡುಕಿದೆವು. ಸಿಕ್ಕ ಮೇಲೆ ಪಕ್ಕದ ಜೋಡಿಗೆ ತೊಡಿಸಿದ. ರಿಪೇರಿ ಅಷ್ಟೇ!

ಐಆರ್‌ಕ್ಯೂ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅಡುಗೆಮನೆಯಲ್ಲಿ. ಅಮ್ಮ ಕುಕ್ಕರ್ ಮುಂದೆ ನಿಂತು ಕಾಯುವುದಿಲ್ಲ. ಹುರುಳಿಕಾಯಿ ಹೆಚ್ಚುತ್ತಿರುತ್ತಾಳೆ. ಕುಕ್ಕರ್ ಕೂಗಿದರೆ ಚಾಕು ಕೆಳಗಿಟ್ಟು ಎದ್ದು ಹೋಗಿ, ಒಲೆ ನೋಡಿ ಬಂದು, ಬಿಟ್ಟ ಕಾಯಿಂದಲೇ ಶುರು ಮಾಡುತ್ತಾಳೆ. ಪ್ರೊಸೆಸರ್ ಮಾಡುವುದೂ ಇದನ್ನೇ. ಆ ಕೂಗಿಗೆ ಇಂಟರಪ್ಟ್ ಅನ್ನುತ್ತಾರೆ, ಕೂಗಲು ಕೊಟ್ಟ ತಂತಿಯ ನಂಬರೇ ಐಆರ್‌ಕ್ಯೂ. ಆದರೆ ನಮ್ಮ ಕುಕ್ಕರೂ ಪಕ್ಕದ ಮನೆಯ ಕುಕ್ಕರೂ ಒಟ್ಟಿಗೆ ಕೂಗಿದರೆ? ಯಾವುದು ಕೂಗಿತು ಅಂತ ಗೊತ್ತಾಗದೆ ಲೆಕ್ಕ ತಪ್ಪುತ್ತದೆ. ಬೇಳೆ ಬೆಂದಿರುವುದಿಲ್ಲ, ಒಲೆ ಆರಿರುತ್ತದೆ. ನಮ್ಮ ಮೌಸೂ ಮೋಡೆಮೂ ಆಡಿದ್ದು ಅದೇ ಆಟ.

ಆಗ ಕೂಗುವ ತಂತಿಗಳಿಗೆ ಭಾರಿ ಬರ. 1981ರ ಐಬಿಎಂ ಪಿಸಿಯಲ್ಲಿ ಕೂಗು ಕೇಳಿಸಿಕೊಳ್ಳಲು 8259 ಅನ್ನುವ ಒಂದು ಚಿಪ್ಪು, ಅದಕ್ಕೆ 8 ತಂತಿ. ಸಾಲದೆ 1984ರ ಎಟಿ ಮಾದರಿಯಲ್ಲಿ ಇನ್ನೊಂದು 8259 ತಂದು, ಮೊದಲನೆಯದರ 2ನೇ ತಂತಿಗೆ ಗಂಟು ಹಾಕಿದರು. ಹಾಗಾಗಿ 8 ಮತ್ತು 8 ಕೂಡಿದರೆ ಇಲ್ಲಿ 15. ಅದರಲ್ಲಿ 0 ಗಡಿಯಾರಕ್ಕೆ, 1 ಕೀಬೋರ್ಡಿಗೆ, 6 ಫ್ಲಾಪಿಗೆ, 14 ಹಾರ್ಡ್ ಡಿಸ್ಕಿಗೆ. ಸೌಂಡ್ ಕಾರ್ಡಿನಂಥ ತಡವಾಗಿ ಬಂದ ನೆಂಟರು 5ಕ್ಕೋ 7ಕ್ಕೋ ಜಗಳ ಆಡಬೇಕು. ಹಂಚುವವರು ನಾವೇ, ಚಿಮುಟ ಹಿಡಿದು.

ವಿಂಡೋಸ್ 95 ಬಂದಾಗ, ಇನ್ನು ಹಂಚುವ ಕೆಲಸ ನನ್ನದು, ನೀವು ಸುಮ್ನೆ ಚುಚ್ಚಿ ಅಂತು. ಹೆಸರು ಪ್ಲಗ್ ಅಂಡ್ ಪ್ಲೇ. ಬಳಸಿದವರು ಪ್ಲಗ್ ಅಂಡ್ ಪ್ರೇ ಅಂದರು. ಚುಚ್ಚು, ಆಮೇಲೆ ಕೈಮುಗಿ. ನಾನೂ ಮುಗಿದಿದ್ದೇನೆ.

ಪೂರ್ತಿ ಪಳಗಿದ್ದು ಪಿಸಿಐ ಅನ್ನುವ, ಕಾರ್ಡುಗಳನ್ನು ಜೋಡಿಸುವ ಹೊಸ ಪದ್ಧತಿ ಬಂದ ಮೇಲೆ. ಕಂಪ್ಯೂಟರ್ ಆನ್ ಆದ ಕೂಡಲೇ ಮೇಷ್ಟ್ರು ಹಾಜರಿ ಕೂಗಿದ ಹಾಗೆ ಒಂದು ಸುತ್ತು ನಡೆಯುತ್ತದೆ. ಸಾಧನಗಳೆಲ್ಲ ಹಂಚಿಕೊಳ್ಳುವ ತಂತಿಗಳ ಸಾಲಿಗೆ ಬಸ್ ಅನ್ನುತ್ತಾರೆ; ಒಂದು ಬಸ್ಸಿಗೆ 32 ಜಾಗ, ಪ್ರತಿ ಜಾಗಕ್ಕೂ ಒಂದೇ ಪ್ರಶ್ನೆ: ನಿನ್ನ ತಯಾರಕ ಯಾರು? ಇಂಟೆಲ್ ಮಾಡಿದ ಸಾಧನವಾದರೆ 8086 ಅನ್ನುತ್ತದೆ. ತನ್ನದೇ ಹಳೇ ಚಿಪ್ಪಿನ ನಂಬರನ್ನು ಗುರುತಾಗಿ ಗಿಟ್ಟಿಸಿಕೊಂಡಿದೆ, ಕಾರಿಗೆ ಫ್ಯಾನ್ಸಿ ನಂಬರ್ ತಗೊಳ್ಳುವವರ ಥರ. ಜಾಗ ಖಾಲಿ ಇದ್ದರೆ ಉತ್ತರದಲ್ಲಿ 0 ಒಂದೂ ಇಲ್ಲದೆ ಬರೀ 1ಗಳೇ ವಾಪಸ್ ಬರುತ್ತವೆ. ಅದೇ ಗೈರುಹಾಜರಿ. ಹಾಜರಿದ್ದವರಿಗೆ ವಿಳಾಸ, ಕೂಗಲು ಒಂದು ನಂಬರು. ಇಬ್ಬರಿಗೆ ಒಂದೇ ನಂಬರ್ ಬಂದರೂ ಪರವಾಗಿಲ್ಲ, ಸಾಧನಗಳನ್ನು ನಡೆಸುವ ತಂತ್ರಾಂಶಗಳು, ಅಂದರೆ ಡ್ರೈವರ್‌ಗಳು, ತಂತಮ್ಮ ಸಾಧನವನ್ನು "ಕೂಗಿದ್ದು ನೀನಾ?" ಅಂತ ಕೇಳಿ ನೋಡುತ್ತವೆ. ಈಚಿನವಕ್ಕಂತೂ ತಂತಿಯೇ ಬೇಡ. ಗೊತ್ತಾದ ವಿಳಾಸಕ್ಕೆ ಒಂದು ಚೀಟಿ ಬರೆದು ಹಾಕಿದರೆ ಆಯ್ತು. ಒಂದೇ ಸಾಧನ 2048 ನಂಬರುಗಳವರೆಗೆ ಇಟ್ಟುಕೊಳ್ಳಬಹುದು. 5ಕ್ಕೂ 7ಕ್ಕೂ ಹೊಡೆದಾಡಿದ ನಮಗೆ ಹೊಟ್ಟೆ ಉರಿಯುತ್ತೆ, ಅಲ್ವಾ?

ವಿಂಡೋಸಿನ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸಿನಲ್ಲಿ ಇದಕ್ಕೆಲ್ಲ ಒಂದು ಲೆಕ್ಕದ ಪಟ್ಟಿ ಇದೆ. ಯಾರು ಎಷ್ಟು ಸಲ ಕೂಗಿದರು ಅಂತ. ಮೊನ್ನೆ ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡಿದೆ. ಕೀಬೋರ್ಡ್ ಇನ್ನೂ 1ನೇ ನಂಬರಿನಲ್ಲೇ ಕೂತಿದೆ, 1981ರಲ್ಲಿ ಕೂತ ಜಾಗದಲ್ಲೇ. ಒಂದು ಅಕ್ಷರ ಕುಟ್ಟಿದರೆ ಅದರ ಲೆಕ್ಕ ಎರಡು ಏರುತ್ತದೆ. ಮೊದಲಿಗೆ ಇದೇನು ಅಂತ ಹೊಳೆಯಲಿಲ್ಲ. ಕೀಲಿ ಒತ್ತಿದಾಗ ಒಂದು ಕೂಗು, ಬೆರಳು ತೆಗೆದಾಗ ಇನ್ನೊಂದು. ಚಿಕ್ಕಂದಿನಲ್ಲಿ ನಾನು ಕೋಣೆಯಿಂದ "ಅಮ್ಮಾ" ಅಂತ ಕೂಗಿ, ಅವಳು ಚಾಕು ಕೆಳಗಿಟ್ಟು ಎದ್ದು ಬರುವಷ್ಟರಲ್ಲಿ "ಏನಿಲ್ಲ ಬಿಡು" ಅಂತಿದ್ದೆನಲ್ಲ, ಹಾಗೆ.