ಸಾಲಿನಲ್ಲಿ ನಿಂತವರು

ನಗರವಾಸಿ ಪ್ರಾರ್ಥನೆಗಿಂತ ಹೆಚ್ಚು ಹೊತ್ತು ಸರತಿಯ ಸಾಲಿನಲ್ಲಿ ನಿಂತಿರುತ್ತಾನೆ. ಬ್ಯಾಂಕು, ಆಸ್ಪತ್ರೆ, ಲಿಫ್ಟು, ಟಿಕೆಟ್ ಕಿಟಕಿ, ಎಲ್ಲಿಗೆ ಹೋದರೂ ಎದುರಿಗೊಂದು ಬೆನ್ನು. ಆ ಬೆನ್ನಿನ ಅಂಗಿಯ ಗೆರೆ ಎಣಿಸುತ್ತಲೇ ಆಯುಷ್ಯದ ಒಂದು ಪಾಲು ಸವೆಯುತ್ತದೆ. ಆದರೂ ಸಾಲನ್ನು ಬೈಯಲು ನನಗೆ ಮನಸ್ಸಿಲ್ಲ. ಬಡವ ಬಲ್ಲಿದ ಇಬ್ಬರಿಗೂ ಒಂದೇ ನಿಯಮ ಹಾಕುವ ಇಷ್ಟು ಸರಳ ನ್ಯಾಯ ಬೇರೆಲ್ಲಿದೆ? ನಡುವೆ ನುಗ್ಗುವವನನ್ನು ಕಂಡರೆ ಪರಮ ಸಾಧುವೂ ಕಾನೂನು ಪಂಡಿತನಾಗುತ್ತಾನೆ.

ತಮಾಷೆಯೆಂದರೆ, ಯೇಸುವಿನ ಬದುಕನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಸರದಿಗೆ ಅಂಥ ಮರ್ಯಾದೆಯೇನೂ ಇಲ್ಲ. ಯೆರೂಸಲೇಮಿನ ಬೆತೆಸ್ದ ಕೊಳದ ಬಳಿ 38 ವರ್ಷಗಳ ರೋಗಿಯೊಬ್ಬ ಬಿದ್ದಿದ್ದ. ನೀರು ಕದಡಿದಾಗ ಮೊದಲು ಇಳಿದವನಿಗೆ ಗುಣವಾಗುತ್ತದೆಂಬ ನಂಬಿಕೆ. ಇವನು ಕದಲುವಷ್ಟರಲ್ಲಿ ಮತ್ತೊಬ್ಬ ಇಳಿದಿರುತ್ತಾನೆ. ಯೇಸು ಅವನಿಗೆ ಮುಂದಿನ ಸರದಿ ಕೊಡಿಸುವುದಿಲ್ಲ. ಕೊಳದ ಗೊಡವೆಯನ್ನೇ ಬಿಟ್ಟು, ಎದ್ದು ನಡೆ ಎನ್ನುತ್ತಾನೆ. ಇನ್ನು ಯೇಸು ಹೇಳಿದ ದ್ರಾಕ್ಷಿತೋಟದ ದೃಷ್ಟಾಂತ ಕಥೆಯಲ್ಲಿ ಸಂಜೆ ಬಂದ ಆಳಿಗೂ ಮುಂಜಾನೆಯಿಂದ ದುಡಿದವನಷ್ಟೇ ಕೂಲಿ, ಅದೂ ಬಟವಾಡೆ ಶುರುವಾಗುವುದು ಕೊನೆಯವನಿಂದ. ಮೊದಲು ಬಂದವರಿಗೆ ಮೊದಲೇ ಕೊಟ್ಟಿದ್ದರೆ ಅವರು ಏನೂ ತಿಳಿಯದೆ ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಯಜಮಾನನಿಗೆ ಅದು ಬೇಕಿರಲಿಲ್ಲವೇನೋ!

ನನ್ನನ್ನು ಹೆಚ್ಚು ಕಾಡುವವನು ಯಾಯೀರ. ಹನ್ನೆರಡು ವರ್ಷದ ಮಗಳು ಸಾಯುತ್ತಿದ್ದಾಳೆಂದು ಯೇಸುವಿನ ಕಾಲಿಗೆ ಬಿದ್ದು ಕರೆದವನು ಅವನು. ದಾರಿಯಲ್ಲಿ, ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳಿದ್ದ ಹೆಂಗಸೊಬ್ಬಳು ಜನರ ನಡುವೆ ಹಿಂದಿನಿಂದ ಬಂದು ಯೇಸುವಿನ ಉಡುಪನ್ನು ಮುಟ್ಟಿ ಗುಣವಾದಳು. ಯೇಸು ನಿಂತ. ಮುಟ್ಟಿದವರು ಯಾರೆಂದು ಕೇಳಿದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅಷ್ಟು ಹೊತ್ತು ಯಾಯೀರ ಏನೆಂದುಕೊಂಡನೋ, ಸುವಾರ್ತೆಕಾರ ಮಾರ್ಕನು ಬರೆಯುವುದಿಲ್ಲ. ಅವಳೊಡನೆ ಯೇಸು ಮಾತನಾಡುತ್ತಿರುವಾಗಲೇ ಮಗಳು ತೀರಿಕೊಂಡ ಸುದ್ದಿ ಬಂತು. ಆಮೇಲೆ ಹುಡುಗಿ ಎದ್ದಳು, ಸರಿ. ಆದರೆ ನನ್ನ ಮನಸ್ಸು ನಡುವಿನ ಆ ನಿಮಿಷಗಳನ್ನು ದಾಟುವುದಿಲ್ಲ. ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ಕುಳಿತವರಿಗೆ ಅವುಗಳ ಉದ್ದ ಗೊತ್ತು.

ಅಂದ ಮೇಲೆ ಕೃಪೆಯೆಂದರೆ ಸಾಲು ಮುರಿಯುವುದೇ? ಇಲ್ಲೊಂದು ಲೆಕ್ಕದ ತೊಡಕಿದೆ. ‘ನೀವು ಮೊದಲು ಹೋಗಿ’ ಎಂದು ಯಾರನ್ನೋ ನನ್ನ ಮುಂದೆ ಸೇರಿಸಿಕೊಂಡರೆ ಒಳ್ಳೆಯವನೆನ್ನಿಸಿಕೊಳ್ಳುವವನು ನಾನು, ಒಂದೊಂದು ಹೆಜ್ಜೆ ಕಳೆದುಕೊಳ್ಳುವವರು ಹಿಂದಿರುವ ಎಲ್ಲರೂ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ. ಯಾರಿಗೂ ನಷ್ಟವಾಗದಂತೆ ಕೊಡಲು ಇರುವುದು ಒಂದೇ ದಾರಿ: ನನ್ನ ಜಾಗ ಅವರಿಗೆ, ಅವರ ಜಾಗ ನನಗೆ. ಕ್ರಿಸ್ತನು ನಮ್ಮ ಸ್ಥಾನದಲ್ಲಿ ನಿಂತನೆಂಬ ಚರ್ಚಿನ ಪ್ರವಚನ ಕೇಳುವಾಗ ಎಷ್ಟೋ ಸಲ ತೂಕಡಿಸಿದ್ದೇನೆ. ಎಚ್ಚರವಾಗಿದ್ದಾಗ ಅದನ್ನು ಕಂಡದ್ದು ಆಸ್ಪತ್ರೆಯೊಂದರ ಔಷಧದ ಕಿಟಕಿಯೆದುರು. ಇನ್ನೇನು ತನ್ನ ಸರದಿ ಎನ್ನುವಾಗ ಒಬ್ಬಾತ ಹೊರಬಂದು, ಸಾಲಿನ ಬಾಲದಲ್ಲಿ ಅಳುವ ಮಗುವನ್ನೆತ್ತಿಕೊಂಡು ನಿಂತಿದ್ದ ತಾಯಿಯನ್ನು ತನ್ನ ಜಾಗಕ್ಕೆ ಕಳುಹಿಸಿ, ಅವಳ ಜಾಗದಲ್ಲಿ ನಿಂತ. ಸಾಲಿನಲ್ಲಿ ಯಾರೂ ಗೊಣಗಲಿಲ್ಲ. ಗೊಣಗಲು ಕಾರಣವೇ ಇರಲಿಲ್ಲ. ಆಮೇಲೆ ಬಂದು ಅವನ ಹಿಂದೆ ನಿಂತವರಿಗೆ ಮಾತ್ರ ಅವನು ತಮ್ಮಂತೆಯೇ ತಡವಾಗಿ ಬಂದ ಇನ್ನೊಬ್ಬ ಸೋಮಾರಿಯಾಗಿ ಕಂಡಿರಬೇಕು.