ರಾತ್ರಿ ಹತ್ತರ ಮೇಲೆ ಎಷ್ಟು ಜನ ಎಚ್ಚರ ಇರ್ತಾರೆ?

ಮಕ್ಕಳು ಬೆಂಗಳೂರಲ್ಲಿ, ದಾವಣಗೆರೆ ಮನೆಯಲ್ಲಿ ಅಪ್ಪ-ಅವ್ವ ಇಬ್ಬರೇ. "ಅಸಿಸ್ಟೆಡ್ ಲಿವಿಂಗ್" ಅಂತ ಬಾಯಿ ಬಿಟ್ಟರೆ ಸಾಕು, "ವೃದ್ಧಾಶ್ರಮಕ್ಕೆ ಹಾಕ್ತೀರೇನ್ರೀ?" ಅಂತ ನೆಂಟರು ಶುರು ಮಾಡುತ್ತಾರೆ. ಎರಡೂ ಒಂದೇ ಅಲ್ಲ. ವೃದ್ಧಾಶ್ರಮ ಮುಖ್ಯವಾಗಿ ಆಶ್ರಯ. ನರ್ಸಿಂಗ್ ಹೋಮ್ ಅಂದರೆ ನಮ್ಮಲ್ಲಿ ಸಣ್ಣ ಆಸ್ಪತ್ರೆ. ಅಸಿಸ್ಟೆಡ್ ಲಿವಿಂಗ್ ಇವೆರಡರ ನಡುವಿನದು, ಹಿರಿಯರು ಅಲ್ಲೇ ಇದ್ದುಕೊಂಡು ದಿನದ ಕೆಲಸಗಳಿಗೆ ನೆರವು ಪಡೆಯುವ ಜಾಗ. ಸ್ನಾನ, ಬಟ್ಟೆ, ಶೌಚ, ಮಂಚದಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ: ಈ ಆರರಲ್ಲಿ ಎಲ್ಲಿ ಆಗುವುದಿಲ್ಲವೋ ಅಲ್ಲಿ ಮಾತ್ರ ಕೈ ಕೊಡಬೇಕು. ಅಂಗಿ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಆಯಾ ಅವಸರಕ್ಕೆ ತಾನೇ ಹಾಕುತ್ತಾ ಬಂದರೆ ಆ ಬೆರಳುಗಳಿಗೆ ಇದ್ದ ರೂಢಿಯೂ ತಪ್ಪುತ್ತದೆ.

ಜಾಗ ನೋಡಲು ಹೋದವರು ಟೈಲ್ಸ್, ಟಿವಿ, ದೇವರಮನೆ ನೋಡಿ ಬರುತ್ತಾರೆ. ನಾನಾದರೆ ಮೊದಲು ಕೇಳುವುದು ರಾತ್ರಿ ಪಾಳಿಯ ಬಗ್ಗೆ. ಹತ್ತರಿಂದ ಆರರವರೆಗೆ ಎಷ್ಟು ಜನ ಎಚ್ಚರ ಇರುತ್ತಾರೆ? ಅಲ್ಲೇ ಮಲಗುವವರ ಲೆಕ್ಕ ಬೇಡ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಂಡವರು ಮೂತ್ರಕ್ಕೆಂದು ದಿಢೀರ್ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲಿಡುತ್ತದೆ. ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂರಿಸಿ ಏಳಿಸಲು ಆಗ ಒಬ್ಬರು ಬೇಕು. ಕಮೋಡ್ ಪಕ್ಕದ ಹಿಡಿಕೆಯನ್ನು ಹಿಡಿದು ನಿಮ್ಮ ಮೈಭಾರ ಹಾಕಿ ನೋಡಿ, ಅಲ್ಲಾಡಬಾರದು. ಬಾತ್‌ರೂಮ್ ಬಾಗಿಲು ಹೊರಗಡೆಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಾದರೆ ಒಳಗೆ ಬಿದ್ದವರೇ ಅದಕ್ಕೆ ಅಡ್ಡವಾಗುತ್ತಾರೆ.

ಆಮೇಲೆ ಇನ್ಸುಲಿನ್. ಊಟಕ್ಕೆ ಮುಂಚೆ ಕೊಡುವ ಇಂಜೆಕ್ಷನ್ ಏಳೂವರೆಗೆ ಚುಚ್ಚಿ, ತಿಂಡಿ ಒಂಬತ್ತಕ್ಕೆ ಬಂದರೆ ಶುಗರ್ ಇಳಿಯುತ್ತದೆ. ಬೆವರು, ನಡುಕ, ತಡವರಿಕೆಯ ಮಾತು. ಅದನ್ನು "ವಯಸ್ಸಾಯ್ತಲ್ಲ" ಅಂತ ಬಿಟ್ಟುಬಿಡುವುದೇ ಅಪಾಯ. ಶುಗರ್ 70ಕ್ಕಿಂತ (mg/dL) ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಕಡೆಯ ಊಟದ್ದೂ ಒಂದು ಮಾತಿದೆ. ಮುದ್ದೆ ನುಂಗುವ ಪದಾರ್ಥ, ಅಗಿಯುವುದಲ್ಲ. ಪಾರ್ಶ್ವವಾಯು ಆಗಿ ನುಂಗುವುದು ಕಷ್ಟವಾದವರಿಗೆ ಅದು ಗಂಟಲಲ್ಲೇ ನಿಲ್ಲಬಹುದು. ಮಂಡಕ್ಕಿಯ ಒಣ ಪುಡಿಯೂ ಅಪಾಯವೇ. ನೀರು, ಚಹಾದಂಥ ತೆಳುವಾದದ್ದು ಸರಕ್ಕನೆ ಶ್ವಾಸನಾಳಕ್ಕೆ ಇಳಿಯಬಹುದು. ಕುಡಿದ ಮೇಲೆ ಕೆಮ್ಮು, ಗೊರಗೊರ ದನಿ ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ನೆಟ್ಟಗೆ ಕೂರಿಸಿ ತಿನ್ನಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬಾರದು.

ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು ರೂಢಿ. ಬದಲಿಸಿದ ಹೊತ್ತು ಬರೆದ ಹಾಳೆ ತೋರಿಸಿ ಅನ್ನಿ. ಇಡೀ ತಿಂಗಳಿನದು ಒಂದೇ ಪೆನ್ನು, ಒಂದೇ ಕೈಬರಹದಲ್ಲಿದ್ದರೆ ನಂಬಬೇಡಿ. ಭೇಟಿಗೆ ಹೋದಾಗ ಹಿಮ್ಮಡಿ, ಬೆನ್ನ ಕೆಳಗಿನ ಮೂಳೆಯ ಜಾಗ ನೀವೇ ನೋಡಿ. ಕೆಂಪಾದಲ್ಲಿ ಬೆರಳಿಂದ ಒತ್ತಿದಾಗ ಬಣ್ಣ ಮಾಸದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ. ಕಪ್ಪು ಮೈಯಲ್ಲಿ ಕೆಂಪು ಕಾಣುವುದು ಕಷ್ಟ, ಬಿಸಿ ಅಥವಾ ಗಟ್ಟಿ ಅನ್ನಿಸುತ್ತದಾ ಅಂತ ಮುಟ್ಟಿ ನೋಡಬೇಕು.

ಸಹಿ ಹಾಕುವ ಮುನ್ನ ಇಷ್ಟನ್ನು ಬರಹದಲ್ಲಿ ತಗೊಳ್ಳಿ: ಡೈಪರ್, ಔಷಧಿ, ಆಂಬ್ಯುಲೆನ್ಸ್ ಖರ್ಚು ಯಾರದು, ಅಡ್ವಾನ್ಸ್ ಎಷ್ಟು ದಿನಕ್ಕೆ ವಾಪಸ್, ಅವ್ವ ಪೂರ್ತಿ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಕರೆದುಕೊಂಡು ಹೋಗಿ ಅನ್ನುತ್ತೀರಾ. ಹಿರಿಯರ ಸಹಾಯವಾಣಿ 14567. ಆ ನಂಬರನ್ನು ಅವರ ಫೋನಲ್ಲೇ ಸೇವ್ ಮಾಡಿ ಕೊಡಿ, ಡಯಲ್ ಮಾಡುವುದನ್ನೂ ಕಲಿಸಿ.