ಒಂದು ಗಂಟೆಯ ಆಟಗಾರ

ಗೇಮ್ ಆಡುವವರಲ್ಲಿ ನನ್ನಂಥವರಿಗೆ ಕ್ಯಾಶುಯಲ್, ಅಂದರೆ ಬಿಡುವಿದ್ದಾಗಷ್ಟೇ ಆಡುವವರು, ಅನ್ನುತ್ತಾರೆ. ಅನ್ನುವ ಧಾಟಿಯಲ್ಲೇ ಸ್ವಲ್ಪ ತಾತ್ಸಾರ ಇರುತ್ತದೆ. ಇರಲಿ ಬಿಡಿ. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಉಳಿಯುವ ಒಂದು ಗಂಟೆಯೇ ನನ್ನ ಆಸ್ತಿ. ಆ ಗಂಟೆಯಲ್ಲಿ ಯಾವ ಮಷೀನು ಎಷ್ಟು ನುಂಗುತ್ತದೆ ಅನ್ನುವುದರ ಮೇಲೆ ನನ್ನ ಅಭಿಪ್ರಾಯಗಳೆಲ್ಲ ನಿಂತಿವೆ.

ಪಿಸಿ ಧಾರಾಳವಾಗಿ ನುಂಗುತ್ತದೆ. ಹೊಸ ಗೇಮ್ ಹಾಕಿದ ಕೂಡಲೇ ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗುತ್ತಿದೆ ಅಂತ ಒಂದು ಪಟ್ಟಿ ತೆವಳಲು ಶುರು. ಅದು ಮುಗಿದರೆ ಸೆಟ್ಟಿಂಗ್ಸ್. ನೆರಳು ಹೈ ಇಡಲೋ, ಮೀಡಿಯಂ ಸಾಕೋ? ಓಡುವಾಗ ಚಿತ್ರ ಮಸುಕು ಮಾಡುವ ಮೋಷನ್ ಬ್ಲರ್ ಆಫ್. (ಇದನ್ನು ಆನ್ ಇಟ್ಟುಕೊಂಡು ಆಡುವ ಪುಣ್ಯಾತ್ಮರು ಯಾರೋ!) ಕೊನೆಗೆ ಮೂಲೆಯಲ್ಲಿ ಫ್ರೇಮ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಅಂತ, ತೋರಿಸುವ ಪುಟ್ಟ ಅಂಕಿ. ಅದನ್ನು ಹಾಕಿಕೊಂಡರೆ ಕಥೆ ಮುಗೀತು. ಎದುರಿಗೆ ಡ್ರ್ಯಾಗನ್ ಬೆಂಕಿ ಉಗುಳುತ್ತಿದ್ದರೂ ಕಣ್ಣೆಲ್ಲ ಆ ಅಂಕಿಯ ಮೇಲೆ. 60 ಇದ್ದದ್ದು 52 ಆಯಿತಲ್ಲ, ಯಾಕೆ?

ಗೇಮ್ ಆಡಲೆಂದೇ ಮಾಡಿದ ಮಷೀನು, ಅಂದರೆ ಕನ್ಸೋಲ್‌ನಲ್ಲಿ ಈ ರಗಳೆ ಇಲ್ಲ. ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನುವ ಕನ್ಸೋಲ್ ಎತ್ತಿಕೊಂಡು ಬಟನ್ ಒತ್ತಿದರೆ ನಿನ್ನೆ ಅರ್ಧಕ್ಕೆ ನಿಲ್ಲಿಸಿದ ಜಿಗಿತ ಇವತ್ತು ಪೂರ್ತಿಯಾಗುತ್ತದೆ. ಚಿತ್ರ ಪಿಸಿಯಷ್ಟು ಚಂದ ಇರುವುದಿಲ್ಲ, ನಿಜ. ಆದರೆ ಬರೀ ತಾಕತ್ತಿನಿಂದ ಯಾರೂ ಗೆದ್ದಿಲ್ಲ. 1989ರಲ್ಲಿ ನಿಂಟೆಂಡೊ ತಂದ, ಕೈಲಿ ಹಿಡಿದು ಆಡುವ ಗೇಮ್ ಬಾಯ್‌ಗೆ ಬಣ್ಣವೇ ಇರಲಿಲ್ಲ, ಹಸಿರು ಮಿಶ್ರಿತ ಮಂಕು ಪರದೆ. ಮರುವರ್ಷ ಸೆಗಾ ತಂದ ಗೇಮ್ ಗೇರ್‌ಗೆ ಬಣ್ಣವೂ ಇತ್ತು, ಪರದೆಗೆ ಬೆಳಕೂ ಇತ್ತು. ಆದರೆ ಅದು ಆರು ಸೆಲ್ ತಿಂದು ಕೆಲವೇ ಗಂಟೆಗೆ ಮಲಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಹೊತ್ತು ಓಡುತ್ತಿತ್ತು. ಜನ ಯಾವುದನ್ನು ಕೊಂಡರು ಅಂತ ಹೇಳಬೇಕಾಗಿಲ್ಲ ಅಲ್ವಾ? ಹಳೆಯದಾಗಿ ಅಗ್ಗವಾದ ತಂತ್ರಜ್ಞಾನದಲ್ಲೇ ಹೊಸ ಆಟ ಹುಡುಕಬೇಕು ಅನ್ನುವುದು ಗೇಮ್ ಬಾಯ್ ರೂಪಿಸಿದ ಗುನ್‌ಪೇಯಿ ಯೊಕೊಯಿ ಅವರ ಪಾಲಿಸಿ.

ಕನ್ಸೋಲ್‌ನಲ್ಲಿ ನನ್ನ ದೂರು ಬಟನ್‌ಗಳ ಬಗ್ಗೆ. ಜಪಾನಿನ ಮೇಷ್ಟ್ರುಗಳು ಸರಿ ಉತ್ತರಕ್ಕೆ ಸೊನ್ನೆ ಸುತ್ತುತ್ತಾರೆ, ತಪ್ಪಿಗೆ ಇಂಟು ಹಾಕುತ್ತಾರೆ. ಹಾಗಾಗಿ ಅಲ್ಲಿ ಸೋನಿಯ ಕನ್ಸೋಲ್ ಪ್ಲೇಸ್ಟೇಷನ್‌ನಲ್ಲೂ ಸೊನ್ನೆ ಗುರುತಿನ ಬಟನ್ ಒತ್ತಿದರೆ ಹೌದು, ಇಂಟು ಒತ್ತಿದರೆ ಬೇಡ ಅಂತಿತ್ತು. ಅಮೆರಿಕ, ಯುರೋಪಿನ ಗೇಮ್‌ಗಳಲ್ಲಿ ಇದು ತಿರುಗುಮುರುಗು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನವರಿಗೂ ಇಂಟುವೇ ಹೌದು ಅಂತಾಯಿತು. ಸೊನ್ನೆಗೆ ಒಗ್ಗಿಹೋಗಿದ್ದ ಅವರ ಹೆಬ್ಬೆರಳುಗಳ ಪಾಡು ಊಹಿಸಿ. ನನ್ನದೂ ಅದೇ ಪಾಡು. ನಿಂಟೆಂಡೊ ಕಂಟ್ರೋಲರ್‌ನಲ್ಲಿ ಹೌದು ಅನ್ನುವ 'ಎ' ಬಟನ್ ಬಲಕ್ಕಿದೆ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನದರಲ್ಲಿ ಕೆಳಗಿದೆ. ಎರಡನ್ನೂ ಒಂದೇ ವಾರ ಆಡಿದರೆ, ಗೇಮ್‌ನೊಳಗಿನ ಅಂಗಡಿಯವನ ಹತ್ತಿರ ಔಷಧಿ ಕೊಳ್ಳಲು ಹೋಗಿ ಸುಮ್ನೆ ಬೈ ಹೇಳಿ ಬರುತ್ತೇನೆ.

ಇನ್ನು ಜಪಾನಿನ ಗೇಮ್‌ಗಳು. ಇಲ್ಲಿ ನನ್ನ ಒಂದು ಗಂಟೆಯ ಲೆಕ್ಕವೆಲ್ಲ ಮಣ್ಣುಪಾಲು. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮ್ ಹಿಡಿಸದಿದ್ದರೆ ಕೊಂಡ 14 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಆದರೆ ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇರಬೇಕು. ಜಪಾನಿನ ಎಷ್ಟೋ ಆರ್‌ಪಿಜಿಗಳಲ್ಲಿ (ಪಾತ್ರವೊಂದನ್ನು ಬೆಳೆಸುತ್ತ ಹೋಗುವ ಉದ್ದ ಕಥೆಯ ಗೇಮ್‌ಗಳಲ್ಲಿ) ಎರಡು ಗಂಟೆ ಕಳೆದರೂ ಪೀಠಿಕೆಯೇ ಮುಗಿದಿರುವುದಿಲ್ಲ. ಪರ್ಸೋನಾ 5ರಲ್ಲಂತೂ ಮಾತಾಡುವ ಬೆಕ್ಕೊಂದಿದೆ. ಹೊರಗೆ ಹೋಗೋಣ ಅಂದರೆ ಸಾಕು, ಇವತ್ತು ಸುಸ್ತಾಗಿದೀಯ, ಮಲಗು ಅನ್ನುತ್ತದೆ. ನನಗೆ ಸಿಕ್ಕಿದ್ದೇ ಒಂದು ಗಂಟೆ, ಅದರಲ್ಲೂ ಮಲಗಬೇಕಂತೆ!

ಆದರೂ ಆಡುತ್ತೇನೆ. ಒಂದು ಕಾಲದಲ್ಲಿ ಇವಕ್ಕಾಗಿಯೇ ಕನ್ಸೋಲ್ ಬೇಕಿತ್ತು. ಪಿಸಿಗೆ ಬಂದವೂ ಒಲ್ಲದ ಮನಸ್ಸಿನಿಂದ ಬಂದಂತಿದ್ದವು. 2012ರಲ್ಲಿ ಡಾರ್ಕ್ ಸೋಲ್ಸ್ ಅನ್ನುವ ಗೇಮ್ ಪಿಸಿಗೆ ಬಂದಾಗ ಎಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೂ 30 ಫ್ರೇಮ್ ದಾಟುತ್ತಿರಲಿಲ್ಲ, ಚಿತ್ರವೂ ಮಸುಕು. ಅದರ ರೆಸಲ್ಯೂಶನ್ನು ಸರಿಮಾಡಿದ್ದು ಅಭಿಮಾನಿಯೊಬ್ಬ. ಪಿಸಿ ಬಗ್ಗೆ ನನಗಿರುವ ಗೌರವ ಇಂಥ ಜನರಿಂದಾಗಿಯೇ. ಈಗ ನಿಂಟೆಂಡೊದವು ಬಿಟ್ಟರೆ ಹೆಚ್ಚಿನವೆಲ್ಲ ಪಿಸಿಗೂ ಬರುತ್ತವೆ.

ಜಪಾನಿನವರಿಗೆ ಗೇಮ್‌ನ ಮುಖ್ಯ ಕಥೆಗೆ ಬೇಡದ ಚಿಲ್ಲರೆ ಕೆಲಸದ ಮೇಲೆ ಇರುವ ಶ್ರದ್ಧೆ ನನಗೆ ಬೇರೆಲ್ಲೂ ಕಂಡಿಲ್ಲ. ಫೈನಲ್ ಫ್ಯಾಂಟಸಿ 15ರ ರಾಜಕುಮಾರನ ರಾಜಧಾನಿ ಬಿದ್ದುಹೋಗಿದೆ. ಆದರೂ ಅವನು ಆರಾಮಾಗಿ ಮೀನಿಗೆ ಗಾಳ ಹಾಕಿಕೊಂಡು ಕೂತಿರಬಹುದು. ಯಾಕುಜಾ 0 ಇನ್ನೂ ಒಂದು ಹೆಜ್ಜೆ ಮುಂದೆ. ಕಥೆ ನಡೆಯುವುದು 1988ರಲ್ಲಿ, ಟೋಕಿಯೋದಲ್ಲಿ ರಾತ್ರಿಯೆಲ್ಲ ಗಿಜಿಗುಡುವ ಕಬುಕಿಚೋ ಬಡಾವಣೆ ನೋಡಿಕೊಂಡು ಕಟ್ಟಿದ ಬೀದಿಗಳಲ್ಲಿ. ನಾಯಕ ಕಿರ್ಯು ಬೆನ್ನ ತುಂಬ ಡ್ರ್ಯಾಗನ್ ಹಚ್ಚೆಯ ಆಸಾಮಿ, ನಗು ಅಪರೂಪ. ಒಂದು ಖಾಲಿ ಜಾಗದ ಸಲುವಾಗಿ ಗ್ಯಾಂಗ್‌ಗಳೆಲ್ಲ ಅವನ ಹಿಂದೆ ಬಿದ್ದಿವೆ. ಅವನು ಮಾತ್ರ ಆಟಿಕೆ ಕಾರಿಗೆ ಟೈರ್, ಮೋಟರ್ ಆರಿಸಿಕೊಂಡು ಚಿಕ್ಕ ಹುಡುಗರ ಜೊತೆ ರೇಸಿಗೆ ನಿಲ್ಲುತ್ತಾನೆ. ಮುಖದಲ್ಲಿ ಅದೇ ಗಾಂಭೀರ್ಯ. ಮೋಟರ್ ಜೋರಾದರೆ ಕಾರು ತಿರುವಿನಲ್ಲಿ ಟ್ರ್ಯಾಕ್ ಬಿಟ್ಟು ಹಾರುತ್ತದೆ, ಮೆತ್ತಗಾದರೆ ಹುಡುಗರು ಸೋಲಿಸುತ್ತಾರೆ. ಸದ್ಯಕ್ಕೆ ನನ್ನ ಕಾರು ಹಾರುತ್ತಿದೆ. ಗ್ಯಾಂಗಿನವರನ್ನು ಆಮೇಲೆ ನೋಡಿಕೊಂಡರಾಯಿತು.